ಉತ್ತರ ಧ್ರುವದ ಹಿಮಕ್ಕೂ ನಮ್ಮ ಘಟಪ್ರಭೆಗೂ ಏನು ಸಂಬಂಧ?

ಗೋಕಾಕದ ಹತ್ತಿರ ಹೊಳೆದಂಡೆಯ ಒಂದು ಊರಿನಲ್ಲಿ ಸ್ವಸಹಾಯ ಸಂಘದ ಸಭೆ ನಡೆದಿತ್ತು. ಹವಾಮಾನ ಬದಲಾವಣೆಯ ಮಾತು ಬಂದಾಗ, ನಮ್ಮ ದೇಶದ ವಿಜ್ಞಾನಿಗಳು ಉತ್ತರ ಧ್ರುವದ ಸಮೀಪ ಹೋಗಿ ಹಿಮದ ಅಧ್ಯಯನ ಮಾಡುತ್ತಾರೆ ಎಂದು ಹೇಳಿದೆ. 2019ರ ಮಹಾಪೂರದಲ್ಲಿ ಮನೆ ಕಳೆದುಕೊಂಡ ತಾಯಿಯೊಬ್ಬರು ಕೂಡಲೇ ಕೇಳಿದರು: "ಸಿಸ್ಟರ್, ಹೊಳಿ ನೀರು ಬಂದು ನಮ್ಮ ಮನಿ ಬಿದ್ದು ಹೋತು. ಇವರು ಅಷ್ಟು ದೂರ ಹೋಗಿ ಹಿಮಗಡ್ಡಿ ಅಳದರ ನಮಗೇನ ಆಗೂದೈತಿ?"

ಎಲ್ಲರೂ ನಕ್ಕರು. ಆದರೆ ಪ್ರಶ್ನೆ ಸರಿಯಾದದ್ದೇ. ಸರ್ಕಾರದ ಹಣದಲ್ಲಿ ನಡೆಯುವ ಕೆಲಸದ ಲೆಕ್ಕ ಕೇಳುವ ಹಕ್ಕು ಅವರಿಗಿದೆ. ಆದ್ದರಿಂದ ಈ ಲೇಖನ.

ಯಾರು, ಎಲ್ಲಿ?

ಈ ಕೆಲಸದ ಮುಖ್ಯ ಸಂಸ್ಥೆ ನಮಗೆ ದೂರದ್ದೇನಲ್ಲ. ನಮ್ಮ ಘಟಪ್ರಭಾ ಸ್ಟೇಶನ್ನಿನ ರೈಲು ಹಳಿ ಬೆಳಗಾವಿ, ಲೋಂಡಾ ದಾಟಿ ಗೋವಾದ ವಾಸ್ಕೋ ಮುಟ್ಟುತ್ತದೆ. ಆ ವಾಸ್ಕೋದಲ್ಲಿಯೇ ಕೇಂದ್ರ ಸರ್ಕಾರದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರವಿದೆ. ನಮ್ಮ ವಿಜ್ಞಾನಿಗಳ ಮೊದಲ ತಂಡ ಆರ್ಕ್ಟಿಕ್ ಪ್ರದೇಶಕ್ಕೆ ಹೋದದ್ದು 2007ರಲ್ಲಿ. ಮರುವರ್ಷ, 2008ರ ಜುಲೈ 1ರಂದು, ನಾರ್ವೆ ದೇಶದ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ 'ಹಿಮಾದ್ರಿ' ಎಂಬ ನಮ್ಮ ಸಂಶೋಧನಾ ಠಾಣೆ ಶುರುವಾಯಿತು. ಅಲ್ಲಿಂದ ಉತ್ತರ ಧ್ರುವಕ್ಕೆ ಸುಮಾರು 1200 ಕಿ.ಮೀ. ಮಾತ್ರ. 2014ರಲ್ಲಿ ಅಲ್ಲಿನ ಕಡಲ ಕೊಲ್ಲಿಯೊಳಗೆ 'ಇಂಡಾರ್ಕ್' ಎಂಬ ಉಪಕರಣ ಇಳಿಸಿದರು. ನೀರಿನ ಉಷ್ಣತೆ, ಉಪ್ಪಿನಂಶ, ಹರಿವು ಇವನ್ನೆಲ್ಲ ಅದು ಅಳೆಯುತ್ತದೆ.

ಚಳಿಗಾಲದಲ್ಲಿ ಅಲ್ಲಿ ತಿಂಗಳುಗಟ್ಟಲೆ ಸೂರ್ಯ ಹುಟ್ಟುವುದೇ ಇಲ್ಲ. 2023ರ ಡಿಸೆಂಬರಿನಿಂದ ಆ ಕತ್ತಲಲ್ಲಿಯೂ ನಮ್ಮವರು ಹೋಗಿ ಕೆಲಸ ಮಾಡಿದ್ದಾರೆ. ಚಳಿಗಾಲದ ಆ ಮೊದಲ ತಂಡದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದರು.

ಬಿಳಿ ಬಟ್ಟೆ, ಕರಿ ಕಂಬಳಿ

ಬೇಸಿಗೆಯ ಬಿಸಿಲಿಗೆ ಒಂದು ಬಿಳಿ ಧೋತರ, ಒಂದು ಕರಿ ಕಂಬಳಿ ಹರವಿ ನೋಡಿರಿ. ಸ್ವಲ್ಪ ಹೊತ್ತಿಗೆ ಕಂಬಳಿ ಸುಡುತ್ತದೆ, ಧೋತರ ಅಷ್ಟು ಕಾಯುವುದಿಲ್ಲ. ಆರ್ಕ್ಟಿಕ್ ಸಮುದ್ರದ ಮೇಲಿನ ಹಿಮ ಆ ಬಿಳಿ ಧೋತರ ಇದ್ದ ಹಾಗೆ. ಬಿಸಿಲಿನ ಬಹುಪಾಲನ್ನು ಅದು ವಾಪಸ್ ಕಳಿಸುತ್ತದೆ. ಹಿಮ ಕರಗಿತೆಂದರೆ ಕೆಳಗಿನ ಕಪ್ಪು ನೀರು ಹೊರಬಿದ್ದು ಬಿಸಿಲನ್ನು ನುಂಗುತ್ತದೆ. ನೀರು ಕಾದಷ್ಟೂ ಹಿಮ ಕರಗುತ್ತದೆ, ಹಿಮ ಕರಗಿದಷ್ಟೂ ನೀರು ಕಾಯುತ್ತದೆ. ಇತರ ಕಾರಣಗಳ ಜೊತೆಗೆ ಇದರಿಂದಲೂ, 1979ರಿಂದ ಈಚೆಗೆ ಆರ್ಕ್ಟಿಕ್ ಪ್ರದೇಶ ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ.

ಇದರ ಮೇಲೆ ಹೊಗೆಯ ಮಸಿ ಬೇರೆ. ಡೀಸೆಲ್, ಕಲ್ಲಿದ್ದಲು, ಕಾಡ್ಗಿಚ್ಚಿನ ಮಸಿ ಗಾಳಿಯಲ್ಲಿ ತೇಲಿ ಹೋಗಿ ಹಿಮದ ಮೇಲೆ ಕೂತರೆ ಬಿಳಿ ಧೋತರವೇ ಮಾಸಿದಂತೆ. ಹಿಮಾದ್ರಿಯಲ್ಲಿ ನಮ್ಮವರು ಗಾಳಿಯ ಈ ಮಸಿಯನ್ನೂ ಅಳೆಯುತ್ತಾರೆ.

ಅಲ್ಲಿಯ ಹಿಮ, ಇಲ್ಲಿಯ ಮಳೆ

ಗಾಳಿಗೆ ಗಡಿ ಇಲ್ಲ. ಕೆರೆಗೆ ಕಲ್ಲು ಒಗೆದರೆ ಅಲೆ ದಂಡೆಯವರೆಗೆ ಬರುವಂತೆ, ಒಂದು ಕಡೆ ಗಾಳಿಯ ಒತ್ತಡ ಬದಲಾದರೆ ಅದರ ಅಲೆ ಸಾವಿರಾರು ಕಿಲೋಮೀಟರ್ ಸಾಗುತ್ತದೆ. ಗೋವಾದ ಈ ಕೇಂದ್ರದ ವಿಜ್ಞಾನಿಗಳು ಇತರರೊಡನೆ ಸೇರಿ 2021ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ರಶಿಯಾದ ಉತ್ತರಕ್ಕಿರುವ ಕಾರಾ ಸಮುದ್ರದಲ್ಲಿ ಬೇಸಿಗೆಯ ಹಿಮ ಕಡಿಮೆಯಾದಾಗ ಯುರೋಪಿನ ಮೇಲೆ ಗಾಳಿಯ ಒತ್ತಡ ಬದಲಾಗುತ್ತದೆ. ಅದರ ಅಲೆ ಏಷ್ಯಾದ ಕಡೆ ಬರುತ್ತದೆ. ಆಗ ಅರಬ್ಬೀ ಸಮುದ್ರವೂ ಬಿಸಿಯಾಗಿದ್ದರೆ, ಮಧ್ಯ ಭಾರತದ ಪಶ್ಚಿಮ ಭಾಗಗಳಲ್ಲಿ ಸಪ್ಟೆಂಬರ್ ತಿಂಗಳ ಅತಿ ಮಳೆಗೆ ಇದು ಕಾರಣವಾಗಬಹುದು ಎಂದು ಅವರು ತೋರಿಸಿದರು.

ಇಲ್ಲಿ 'ಆಗಬಹುದು' ಎಂಬ ಮಾತನ್ನು ಗಮನಿಸಬೇಕು. ಇದು ನಮ್ಮ ತಾಲೂಕುಗಳ ಬಗ್ಗೆಯೇ ಮಾಡಿದ ಅಧ್ಯಯನವಲ್ಲ. 2019ರ ಮಹಾಪೂರ ಬಂದದ್ದು ಆಗಸ್ಟಿನಲ್ಲಿ. ಹಿಮ ಕರಗಿದ್ದಕ್ಕೇ ಆ ತಾಯಿಯ ಮನೆ ಬಿತ್ತು ಎಂದು ಯಾರಾದರೂ ಹೇಳಿದರೆ ನಂಬಬೇಡಿರಿ.

ತುಂಬಿದ ಕೊಡ

ಹಾಗಾದರೆ ನಮಗೇನು ಉಪಯೋಗ? ಹುಕ್ಕೇರಿ ತಾಲೂಕಿನ ಹಿಡಕಲ್ ಆಣೆಕಟ್ಟಿನಲ್ಲಿ 51 ಟಿಎಂಸಿ ನೀರು ಹಿಡಿಯುತ್ತದೆ. ಜೂನ್‌ನಲ್ಲಿ ಜೋರು ಮಳೆಯಾದರೆ ಅದರಲ್ಲಿ ಜಾಗ ಇರುತ್ತದೆ. ಹುಬ್ಬಿ, ಉತ್ತರಿ ಮಳೆಯ ಹೊತ್ತಿಗೆ, ಅಂದರೆ ಸಪ್ಟೆಂಬರಿನಲ್ಲಿ, ಒಳ್ಳೆಯ ವರ್ಷವಾದರೆ ಆಣೆಕಟ್ಟು ತುಂಬಿರುತ್ತದೆ. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆ ಮನುಷ್ಯರಿಗೆ ಸರಿ, ಆಣೆಕಟ್ಟಿಗೆ ಅಲ್ಲ. ಆಗ ಬಿದ್ದ ಮಳೆಯನ್ನು ಹೊಳೆಗೇ ಬಿಡಬೇಕು. ಆ ನೀರಿಗೆ ಹಿರಣ್ಯಕೇಶಿ, ಮಾರ್ಕಂಡೇಯ ಹೊಳೆಗಳೂ ಕೂಡಿದರೆ ಗೋಕಾಕ, ಮೂಡಲಗಿ ಕಡೆಯ ದಂಡೆಯ ಊರುಗಳ ಗತಿ ಏನು? ಅದೇ ವೇಳೆಗೆ ಹೊಲದಲ್ಲಿ ಸೋಯಾಬಿನ್ ಕೊಯ್ಲಿಗೆ ಬಂದಿರುತ್ತದೆ.

ಮಳೆಗಾಲದ ಕೊನೆಯಲ್ಲಿ ಅತಿ ಮಳೆ ಬರುವ ಸೂಚನೆ ಕೆಲವು ವಾರ ಮೊದಲೇ ಸಿಕ್ಕರೆ ಆಣೆಕಟ್ಟಿನ ನೀರನ್ನು ಸ್ವಲ್ಪ ಸ್ವಲ್ಪವಾಗಿ ಮುಂಚೆಯೇ ಬಿಡಬಹುದು. ಸುಳ್ಳು ಸೂಚನೆ ನಂಬಿ ಬಿಟ್ಟರೆ ಬೇಸಿಗೆಗೆ ಕಾಲುವೆ ಒಣಗುತ್ತದೆ. ಎರಡೂ ನಮಗೆ ಹಾನಿಯೇ. ಆದ್ದರಿಂದಲೇ ವರ್ಷಾನುಗಟ್ಟಲೆ ಅಳೆದು, ಸರಿಯೋ ತಪ್ಪೋ ಪರೀಕ್ಷಿಸಿ ನೋಡುವ ವಿಜ್ಞಾನ ಬೇಕು. ಆ ಕೆಲಸ ಇನ್ನೂ ನಡೆದಿದೆ.

ನಾವೇನು ಮಾಡಬಹುದು?

1. ಆಣೆಕಟ್ಟಿನಿಂದ ನೀರು ಬಿಡುವ ಸುದ್ದಿ, ಪಂಚಾಯತಿಯ ಡಂಗುರ ಇವನ್ನು ಸಪ್ಟೆಂಬರಿನಲ್ಲಿಯೂ ಅಸಡ್ಡೆ ಮಾಡಬೇಡಿರಿ. "ಮಳಿಗಾಲ ಮುಗೀತು" ಅನ್ನಬೇಡಿರಿ.

2. ಉತಾರ, ರೇಶನ್ ಕಾರ್ಡು, ಆಧಾರ್, ಪಾಸ್‌ಬುಕ್ಕು ಇವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಒಯ್ಯಲು ಸುಲಭವಾಗುವಂತೆ ಮೇಲೆ ಇಡಿರಿ. ಪರಿಹಾರ ಕೇಳುವಾಗ ಇವು ಬೇಕಾಗುತ್ತವೆ.

3. ಸೋಯಾಬಿನ್ ಕೊಯ್ಯುವ ಮೊದಲು ಹವಾಮಾನ ಇಲಾಖೆಯ ಮುನ್ಸೂಚನೆ ಕೇಳಿರಿ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಮೊಬೈಲಿನ 'ಮೇಘದೂತ್' ಆ್ಯಪ್ ನೋಡಿ ಹೇಳುತ್ತಾರೆ. ತಾಡಪತ್ರಿ ಸಿದ್ಧ ಇರಲಿ.

4. ಕಬ್ಬಿನ ರವದಿಗೆ ಬೆಂಕಿ ಹಚ್ಚಬೇಡಿರಿ. ಅದರ ಮಸಿ ಉತ್ತರ ಧ್ರುವ ಮುಟ್ಟುತ್ತದೋ ಇಲ್ಲವೋ, ನಮ್ಮ ಮಕ್ಕಳ ಎದೆಯನ್ನಂತೂ ಮುಟ್ಟುತ್ತದೆ. ಸಾಲಿನಲ್ಲಿ ಹರವಿದರೆ ಭೂಮಿಯ ಹಸಿ ಉಳಿಯುತ್ತದೆ, ಕೊಳೆತು ಗೊಬ್ಬರವಾಗುತ್ತದೆ.

ಮುಂದಿನ ಸಭೆಯಲ್ಲಿ ಇಷ್ಟನ್ನೂ ಹೇಳಿದೆ. ಆ ತಾಯಿ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದರ ಅಳೀಲಿ ಬಿಡ್ರಿ. ಆದರ ಅಳದದ್ದು ನಮಗೂ ತಿಳಿಸಬೇಕು, ನೀರು ಬರೂಕಿಂತ ಮೊದಲ" ಎಂದರು. ವಿಜ್ಞಾನಿಗಳಿಗೂ ಅಧಿಕಾರಿಗಳಿಗೂ ನಾವು ಕೇಳಬೇಕಾದದ್ದು ಇದನ್ನೇ.