ತತ್ತ್ವಪದಗಳ ನಾದವೂ ಬೆಳಕೂ

ಸೇಡಮ್, ಕುರಕುಂಟಾ, ಚಿತ್ತಾಪುರಗಳ ಸೀಮೆಯಲ್ಲಿ ಏಕತಾರಿಯೊಡನೆ ಹಾಡುವ ತತ್ತ್ವಪದಗಳಲ್ಲಿ ಧ್ಯಾನಸ್ಥನ ಕಿವಿಯೊಳಗೆ ಮೊಳಗುವ ಗಂಟೆ, ಶಂಖ, ಭೇರಿಗಳ ಮಾತೂ ಹುಬ್ಬುಗಳ ನಡುವೆ ಹೊಳೆಯುವ ಬೆಳಕಿನ ಮಾತೂ ಮತ್ತೆ ಮತ್ತೆ ಬರುತ್ತವೆ. ಇವನ್ನು ಪದಕರ್ತರ ಸ್ವಾನುಭವದ ದಾಖಲೆಯೆಂದು ಓದಬೇಕೆ, ಪರಂಪರಾಗತ ಪರಿಭಾಷೆಯೆಂದೆ? ಕಡಕೋಳದ ಮಡಿವಾಳಪ್ಪನವರಂಥ ಅನುಭಾವಿಗಳ ಜೀವನವನ್ನು ಅವರ ಪದಗಳಿಂದಲೇ ಕಟ್ಟಲು ಹೊರಟ ಇತಿಹಾಸಾಭ್ಯಾಸಿಯು ಈ ಪ್ರಶ್ನೆಯನ್ನು ಬಿಟ್ಟು ಮುಂದೆ ಸಾಗುವಂತಿಲ್ಲ.

ಪರಿಭಾಷೆ ಹಳೆಯದೆಂಬುದು ನಿಸ್ಸಂದೇಹ. 15ನೆಯ ಶತಮಾನದ ಸ್ವಾತ್ಮಾರಾಮನ ಹಠಯೋಗಪ್ರದೀಪಿಕೆಯು ನಾದಗಳಿಗೆ ಒಂದು ಕ್ರಮವನ್ನೇ ಹೇಳುತ್ತದೆ: ಮೊದಲು ಕಡಲು, ಮೋಡ, ಭೇರಿಗಳ ಮೊರೆತ, ನಡುವೆ ಮದ್ದಳೆ, ಶಂಖ, ಗಂಟೆ, ಕೊನೆಗೆ ಕಿರುಗೆಜ್ಜೆ, ಕೊಳಲು, ವೀಣೆ, ದುಂಬಿಯ ಝೇಂಕಾರ. ಪ್ರಾಣಾಯಾಮದ ಮೊದಲ ಮಟ್ಟದಲ್ಲಿ ಬೆವರು, ಎರಡನೆಯದರಲ್ಲಿ ನಡುಕ ಎಂಬುದೂ ಅದರಲ್ಲಿಯೇ ಉಂಟು. ಅದಕ್ಕೂ ಬಹು ಹಿಂದಿನ ಶ್ವೇತಾಶ್ವತರೋಪನಿಷತ್ತು ಮಂಜು, ಹೊಗೆ, ಮಿಂಚುಹುಳು, ಸ್ಫಟಿಕ, ಚಂದ್ರ ಮೊದಲಾದ ರೂಪಗಳನ್ನು ಬ್ರಹ್ಮದರ್ಶನದ ಮುಂಗುರುತುಗಳೆಂದು ಎಣಿಸಿದೆ. ಗುರಿಯಲ್ಲ, ಗುರುತು ಮಾತ್ರವೆಂಬ ಈ ವಿವೇಕ ಮನನೀಯವಾದುದು.

ಆದರೆ ಪಟ್ಟಿಯು ಪರಂಪರೆಯದೆಂದ ಮಾತ್ರಕ್ಕೆ ಅನುಭವವು ಸುಳ್ಳಾಗದು. 1953ರಲ್ಲಿ ಹೆಲ್ಲರ್, ಬರ್ಗ್‌ಮನ್ ಎಂಬ ಸಂಶೋಧಕರು ಶ್ರವಣದೋಷವಿಲ್ಲದ 80 ಜನರನ್ನು ಸದ್ದು ಹೊಗದ ಕೋಣೆಯಲ್ಲಿ ಕುಳ್ಳಿರಿಸಿದಾಗ ಶೇಕಡ 94 ಮಂದಿ ತಮಗೆ ಏನಾದರೊಂದು ನಾದ ಕೇಳಿಸಿತೆಂದರು. ಅವರು ಧ್ಯಾನಕ್ಕೆ ಕುಳಿತವರಲ್ಲ! ದೃಷ್ಟಿಯ ವಿಷಯವೂ ಹಾಗೆಯೇ. ಲಿಂಗಾಯತ ಸಾಧಕನು ಅಂಗೈಯ ಮೇಲಣ ಕಪ್ಪು ಲೇಪದ ಇಷ್ಟಲಿಂಗದಲ್ಲಿ ನೋಟವನ್ನು ನೆಡುತ್ತಾನೆ. ಅಲುಗದ ನೋಟಕ್ಕೆ ಅಂಚಿನ ವಸ್ತುಗಳು ಕರಗಿಹೋಗುವುದನ್ನು ಸ್ವಿಟ್ಜರ್ಲೆಂಡಿನ ವೈದ್ಯ ಟ್ರಾಕ್ಸ್‌ಲರನು 1804ರಲ್ಲಿಯೇ ವರ್ಣಿಸಿದ್ದನು. ಕಪ್ಪನ್ನು ದಿಟ್ಟಿಸಿದ ಕಣ್ಣನ್ನು ಮುಚ್ಚಿದರೆ ಅದೇ ಆಕಾರವು ಬೆಳಕಾಗಿ ತೋರುವುದೂ ಕಣ್ಣಿನ ಸಹಜಧರ್ಮವೇ. ಶರಣರು ಕಂಡ ಜ್ಯೋತಿಯೆಲ್ಲ ಇಷ್ಟೇ ಎಂದು ನಾನು ಹೇಳುತ್ತಿಲ್ಲ. ಅನುಭವದ ಅರ್ಥವನ್ನು ನಿರ್ಣಯಿಸುವುದು ಕಣ್ಣಿನ ಶಾಸ್ತ್ರದ ಕೆಲಸವಲ್ಲ.

ಅರ್ಥವು ಬರುವುದು ಗುರುವಿನಿಂದ, ಗ್ರಂಥದಿಂದ. ಒಬ್ಬನು ಪ್ರಣವವೆನ್ನುವ ಝೇಂಕಾರವನ್ನು ಉಸಿರು ಬಿಗಿಹಿಡಿದು ಜಿಕ್ರ್ ಮಾಡುವ ಸೂಫಿಯು ಬೇರೊಂದು ಹೆಸರಿನಿಂದ ಕರೆದಾನು. 1422ರಲ್ಲಿ ಕಲಬುರಗಿಯಲ್ಲಿ ದಿವಂಗತರಾದ ಬಂದೇನವಾಜರ ಚಿಶ್ತಿ ಪರಂಪರೆ ಬೇರೂರಿದ, ಮಡಿವಾಳಪ್ಪನವರಿಗೆ ಮುಸ್ಲಿಂ ಶಿಷ್ಯರೂ ಇದ್ದ ಈ ಸೀಮೆಯಲ್ಲಿ ಇಂಥ ಕೊಳುಕೊಡೆ ಅಸಂಭವವೇನಲ್ಲ.

ಆದುದರಿಂದ ಪದವೊಂದರಲ್ಲಿ ನಾದಗಳು ಗ್ರಂಥೋಕ್ತ ಕ್ರಮದಲ್ಲಿಯೇ ಬಂದರೆ ಅದನ್ನು ಕರ್ತೃವಿನ ಶಾಸ್ತ್ರಪರಿಚಯಕ್ಕೆ ಸಾಕ್ಷಿಯೆಂದಷ್ಟೇ ಎಣಿಸುವುದು ಕ್ಷೇಮ. ಕ್ರಮ ತಪ್ಪಿ ಗಾಣದ, ಕಣದ ಸದ್ದು ನುಸುಳಿದಲ್ಲಿ, ಪಟ್ಟಿಯಲ್ಲಿಲ್ಲದ ಮೈಜುಮ್ಮು, ತಲೆಭಾರ, ಅಂಜಿಕೆಗಳು ಬಂದಲ್ಲಿ ಕರ್ತೃವು ತನ್ನ ಮಾತನ್ನೇ ಆಡುತ್ತಿರುವ ಸಂಭವ ಹೆಚ್ಚು. ಪಾಶ್ಚಾತ್ಯ ಬೌದ್ಧ ಧ್ಯಾನಿಗಳನ್ನು ಸಂದರ್ಶಿಸಿ ಅನುಭವಗಳನ್ನು 59 ಬಗೆಯಾಗಿ ವಿಂಗಡಿಸಿದ 2017ರ ಅಧ್ಯಯನದಲ್ಲಿಯೂ ಅಂಜಿಕೆಗೆ ಸ್ಥಾನವಿದೆ. ಆದರೆ ಹಾಡುಗಾರರ ಬಾಯಲ್ಲಿ ಚರಣಗಳು ಹಿಂದುಮುಂದಾಗುವುದುಂಟು. ಕ್ರಮವನ್ನು ಪರೀಕ್ಷಿಸುವ ಮುನ್ನ ಊರೂರಿನ ಪಾಠಾಂತರಗಳನ್ನು ಕಲೆಹಾಕಬೇಕಾಗುವುದು.