ಹಲಗೆ ಒಣಗಿದೆಯೇ? – ಗರಗಸ ಹಿಡಿಯುವ ಮೊದಲು



ಜುಲೈ ತಿಂಗಳಲ್ಲಿ ನಿಮ್ಮ ಮನೆಯ ಹಿತ್ತಲ ಬಾಗಿಲು ಸಲೀಸಾಗಿ ಮುಚ್ಚುತ್ತದೆಯೇ? ಇಲ್ಲಿ ಕುಡಚಡೆಯಲ್ಲಿ ನಾನು ಬಾಡಿಗೆಗಿರುವ ಮನೆಯದಂತೂ ಮುಚ್ಚುವುದಿಲ್ಲ. ಭುಜ ಕೊಟ್ಟು ದೂಡಬೇಕು. ಅದೇ ಬಾಗಿಲು ಫೆಬ್ರವರಿಯಲ್ಲಿ ಒಂದು ಬೆರಳು ತಾಗಿಸಿದ್ರೆ ಸಾಕು, ತಾನೇ ಹೋಗಿ ಕೂರುತ್ತದೆ. "ಮಳೆಗೆ ಬಾಗಿಲು ಉಬ್ಬಿದೆ" ಅಂತ ಎಲ್ಲರೂ ಹೇಳುತ್ತಾರೆ. ಆದರೆ ಇನ್ನೊಂದು ಪ್ರಶ್ನೆ ಕೇಳಿ ನೋಡಿ: ಹಲಗೆ ಅಡ್ಡಕ್ಕೆ ಉಬ್ಬುತ್ತದೆ, ಸರಿ. ಉದ್ದಕ್ಕೆ ಯಾಕೆ ಉಬ್ಬುವುದಿಲ್ಲ?

ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ನಾನು ಒಂದು ಪೆಟ್ಟಿಗೆ ಮಾಡಲು ಹೋಗಿ ಕೆಟ್ಟೆ. ಆ ಕಥೆ ಮೊದಲು ಹೇಳಿಬಿಡುತ್ತೇನೆ. ಊರಲ್ಲಿ ಅವ್ವನಿಗೆ ಹಳೆಯ ಫೋಟೋ, ಪತ್ರಗಳನ್ನು ಇಡಲು ಒಂದು ಸಾಗವಾನಿ ಪೆಟ್ಟಿಗೆ ಕೊಡಬೇಕು ಅಂತ ಆಸೆ. ಮಳೆಗಾಲದ ನಡುವೆ ಒಂದು ಸಾ ಮಿಲ್‌ನಿಂದ 30 ಸೆಂ.ಮೀ. ಅಗಲದ ಒಂದೇ ಹಲಗೆ ತಂದೆ. ಅಷ್ಟು ಅಗಲದ ಹಲಗೆ ಸಿಕ್ಕಿದ್ದೇ ಭಾಗ್ಯ ಅಂದುಕೊಂಡು, ಮುಚ್ಚಳಕ್ಕೆ ಅದನ್ನೇ ಹಾಕಿ, ಸುತ್ತಲಿನ ಚೌಕಟ್ಟಿಗೆ ಫೆವಿಕಾಲ್ ಹಚ್ಚಿ, ಮೇಲೆ ಮೊಳೆಯನ್ನೂ ಹೊಡೆದೆ. ಗಟ್ಟಿಯಾಗಿರಲಿ ಅಂತ! ಮಾರ್ಚ್‌ನಲ್ಲಿ ಸಾವರ್ಡೆ ಸ್ಟೇಷನ್ನಿನಲ್ಲಿ ರೈಲು ಹತ್ತಿ, ದೂಧಸಾಗರ, ಕ್ಯಾಸಲ್‌ರಾಕ್, ಲೋಂಡಾ ದಾಟಿಸಿ, ಆ ಪೆಟ್ಟಿಗೆಯನ್ನು ವಿಜಯಪುರ ಜಿಲ್ಲೆಯ ನಮ್ಮ ಊರಿಗೆ ಒಯ್ದೆ. ಮೂರನೇ ವಾರ ಅವ್ವನ ಫೋನು: "ರಾತ್ರಿ ಟಪ್ ಅಂತು ಕಣೋ, ಹಲ್ಲಿ ಬಿತ್ತೇನೋ ಅಂದ್ಕೊಂಡೆ. ಮುಂಜಾನೆ ನೋಡಿದ್ರ ಮುಚ್ಚಳ ಎರಡು ಹೋಳಾಗೇದ."

ಮರ ಕೆಟ್ಟದ್ದಾಗಿರಲಿಲ್ಲ. ಕೆಲಸ ಶುರು ಮಾಡುವ ಮೊದಲು ನಾನು ಮಾಡಬೇಕಿದ್ದ ಕೆಲಸವನ್ನು ಮಾಡಿರಲಿಲ್ಲ, ಅಷ್ಟೇ.

ಮರದೊಳಗೆ ನೀರು ಎಲ್ಲಿರುತ್ತದೆ?

ಸಸ್ಯಗಳಲ್ಲಿ ಕ್ಸೈಲಂ ನೀರನ್ನು ಮೇಲಕ್ಕೆ ಸಾಗಿಸುತ್ತದೆ ಅಂತ ಪಾಠದಲ್ಲಿ ಓದಿದ್ದೀರಿ. ನಾವು ಮರ ಅನ್ನುವುದು ಆ ಕ್ಸೈಲಂ ಅನ್ನೇ. ಅಂದರೆ ಹಲಗೆ ಎಂಬುದು ಉದ್ದುದ್ದ ಕೊಳವೆಗಳ ಒಂದು ಕಟ್ಟು. ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತದೆ. ಕೊಳವೆಗಳ ಪೊಳ್ಳಿನಲ್ಲಿ ತುಂಬಿದ ನೀರು ಒಂದು. ಕೊಳವೆಯ ಗೋಡೆಯೊಳಗೇ ಸೇರಿಕೊಂಡ ನೀರು ಇನ್ನೊಂದು. ನೆನೆದ ಪಂಚೆಯನ್ನು ನೆನಪಿಸಿಕೊಳ್ಳಿ: ಹಿಂಡಿದಾಗ ಸುರಿಯುವ ನೀರು ಮೊದಲನೆಯದರ ಹಾಗೆ, ಹಿಂಡಿದ ಮೇಲೂ ಬಟ್ಟೆಯನ್ನು ತಣ್ಣಗಿಡುವ ತೇವ ಎರಡನೆಯದರ ಹಾಗೆ.

ಮರ ಒಣಗುವಾಗ ಮೊದಲು ಹೋಗುವುದು ಪೊಳ್ಳಿನ ನೀರು. ಆಗ ತೂಕ ಇಳಿಯುತ್ತದೆ, ಆದರೆ ಅಳತೆ ಕೂದಲೆಳೆಯಷ್ಟೂ ಬದಲಾಗುವುದಿಲ್ಲ! ತೇವಾಂಶ ಸುಮಾರು 30 ಶೇಕಡಕ್ಕೆ ಇಳಿದಾಗ ಪೊಳ್ಳು ಖಾಲಿಯಾಗಿ, ಗೋಡೆಗಳಲ್ಲಿ ಮಾತ್ರ ನೀರು ಉಳಿದಿರುತ್ತದೆ. ಅಲ್ಲಿಂದ ಕೆಳಗೆ ಇಳಿದಾಗಲೇ ಮರ ಕುಗ್ಗಲು ಶುರು.

ಗೋಡೆಯಲ್ಲಿ ಸೆಲ್ಯುಲೋಸ್ ಅಣುಗಳ ಸರಪಳಿಗಳು ಹೆಚ್ಚುಕಡಿಮೆ ಕೊಳವೆಯ ಉದ್ದಕ್ಕೇ ಮಲಗಿರುತ್ತವೆ, ಹಿಡಿಸೂಡಿ ಕಡ್ಡಿಗಳ ಹಾಗೆ. ಅವುಗಳ ಮೈಮೇಲಿನ ಹೈಡ್ರಾಕ್ಸಿಲ್ ಗುಂಪುಗಳು ನೀರಿನ ಅಣುಗಳನ್ನು ಹೈಡ್ರೋಜನ್ ಬಂಧದಿಂದ ಹಿಡಿದುಕೊಳ್ಳುತ್ತವೆ. ನೀರು ಕಡ್ಡಿ ಕಡ್ಡಿಗಳ ನಡುವೆ ನುಗ್ಗಿ ಅವನ್ನು ಪಕ್ಕಕ್ಕೆ ಸರಿಸುತ್ತದೆ. ಕಟ್ಟು ದಪ್ಪವಾಗುತ್ತದೆ, ಕಡ್ಡಿ ಉದ್ದವಾಗುವುದಿಲ್ಲ. ಬಾಗಿಲಿನ ಪ್ರಶ್ನೆಗೆ ಉತ್ತರ ಸಿಕ್ತಲ್ವಾ?

ಇಷ್ಟಕ್ಕೇ ಮುಗಿಯಲಿಲ್ಲ. ಅಡ್ಡಕ್ಕೆ ಕುಗ್ಗುವುದರಲ್ಲೂ ಎರಡು ಬಗೆ. ದಿಮ್ಮಿಯ ಉಂಗುರಗಳ ಸುತ್ತಿನ ದಿಕ್ಕಿನಲ್ಲಿ ಹೆಚ್ಚು, ನಡುವಿನಿಂದ ತೊಗಟೆಯ ಕಡೆಗಿನ ದಿಕ್ಕಿನಲ್ಲಿ ಅದರ ಅರ್ಧದಷ್ಟು. ಸಾಗವಾನಿ ಹಸಿಯಿಂದ ಪೂರ್ತಿ ಒಣಗುವವರೆಗೆ ಮೊದಲ ದಿಕ್ಕಿನಲ್ಲಿ ಸುಮಾರು 5.3 ಶೇಕಡ, ಎರಡನೆಯದರಲ್ಲಿ ಸುಮಾರು 2.6 ಶೇಕಡ ಕುಗ್ಗುತ್ತದೆ. ಮರಗಳಲ್ಲೆಲ್ಲ ಇದು ಬಹಳ ಸಂಭಾವಿತ ಮರ, ಅದಕ್ಕೇ ಅದಕ್ಕೆ ಆ ಬೆಲೆ. ಹಲಗೆ ದೋಣಿಯ ಹಾಗೆ ಬಾಗುವುದೂ ಈ ವ್ಯತ್ಯಾಸದಿಂದಲೇ. ಯಾವುದಾದರೂ ಹಲಗೆಯ ತುದಿಯನ್ನು ನೋಡಿ, ಉಂಗುರಗಳ ಬಿಲ್ಲುಗೆರೆ ಕಾಣುತ್ತದೆ. ಒಣಗುವಾಗ ಆ ಬಿಲ್ಲು ನೇರವಾಗಲು ನೋಡುತ್ತದೆ, ಅಂದರೆ ತೊಗಟೆಯ ಕಡೆಗಿದ್ದ ಮುಖ ತಗ್ಗಾಗುತ್ತದೆ. ನೀವು ಮೊದಲೇ ಊಹಿಸಿ ಬರೆದಿಟ್ಟುಕೊಂಡು ತಿಂಗಳ ನಂತರ ಪರೀಕ್ಷಿಸಬಹುದು.

ಈಗ ನನ್ನ ಮುಚ್ಚಳದ ಲೆಕ್ಕ ಹಾಕೋಣ. ಸುಮಾರು 30 ಶೇಕಡ ತೇವಾಂಶ ಇಳಿಯುವಾಗ 5.3 ಶೇಕಡ ಕುಗ್ಗುವುದಾದರೆ, ಒಂದೊಂದು ಶೇಕಡ ಇಳಿತಕ್ಕೆ ಸುಮಾರು 0.18. ಗೋವಾದ ಮಳೆಗಾಲದ ಹವೆಯಲ್ಲಿ ಇಟ್ಟ ಮರ ಸುಮಾರು 18 ಶೇಕಡ ತೇವ ಹಿಡಿದಿರುತ್ತದೆ ಅಂತಿಟ್ಟುಕೊಳ್ಳಿ. ನಮ್ಮೂರ ಮಾರ್ಚ್ ಬಿಸಿಲಿನ ಒಣ ಹವೆಯಲ್ಲಿ ಅದು 8ಕ್ಕೆ ಇಳಿಯಿತು ಅನ್ನೋಣ. 10 × 0.18 = 1.8 ಶೇಕಡ. 300 ಮಿ.ಮೀ. ಅಗಲಕ್ಕೆ ಅದು 5 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು. ಹಲಗೆ 5 ಮಿ.ಮೀ. ಕುಗ್ಗಬೇಕು, ಮೊಳೆ ಮತ್ತು ಗೋಂದು ಬಿಡುವುದಿಲ್ಲ. ಸೀಳದೆ ಇನ್ನೇನು ಮಾಡೀತು?

ನಾನು ಪಾಲಿಶ್ ಹಚ್ಚಿದ್ದೆ, ಹಾಗಾದ್ರೆ ನೀರು ಹೇಗೆ ಹೋಯಿತು ಅಂತ ಕೇಳಬಹುದು. ಪಾಲಿಶ್ ನೀರಾವಿಯನ್ನು ನಿಧಾನ ಮಾಡುತ್ತದೆ, ತಡೆಯುವುದಿಲ್ಲ. ಮರ ಯಾವಾಗಲೂ ಸುತ್ತಲಿನ ಗಾಳಿಯ ಜೊತೆ ಕೊಡು–ಕೊಳ್ಳು ನಡೆಸುತ್ತಲೇ ಇರುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ 65 ಶೇಕಡ ಇದ್ದರೆ ಮರ ಸುಮಾರು 12ರಲ್ಲಿ ನಿಲ್ಲುತ್ತದೆ, ಆರ್ದ್ರತೆ 30 ಆದರೆ ಸುಮಾರು 6ರಲ್ಲಿ.

ಒಣಗಿಸುವ ಕೆಲಸ

ಬಿಸಿಲಿಗೆ ಹಾಕಿದರೆ ಬೇಗ ಒಣಗುವುದಲ್ವಾ? ಒಣಗುತ್ತದೆ, ಒಡೆದು ಒಣಗುತ್ತದೆ. ಹೊರಮೈ ಕುಗ್ಗಲು ನೋಡುತ್ತದೆ, ಒಳಗು ಇನ್ನೂ ಹಸಿ, ಅದು ಬಿಡುವುದಿಲ್ಲ. ಆದ್ದರಿಂದ ನೆರಳು ಬೇಕು, ಗಾಳಿ ಆಡಬೇಕು. ಸಾ ಮಿಲ್ ಹಿಂದೆ ಹಲಗೆಗಳನ್ನು ಒಟ್ಟಿದ್ದನ್ನು ನೋಡಿದ್ದೀರಾ? ಎರಡು ಹಲಗೆಗಳ ನಡುವೆ ಸಣ್ಣ ರೀಪುಗಳನ್ನು ಇಟ್ಟಿರುತ್ತಾರೆ. ಆ ರೀಪುಗಳು ಕೆಳಗಿನಿಂದ ಮೇಲಿನವರೆಗೆ ಒಂದರ ನೇರಕ್ಕೆ ಒಂದು ಇರಲೇಬೇಕು. ಆಚೀಚೆ ಆದರೆ ಮೇಲಿನ ಭಾರಕ್ಕೆ ಹಲಗೆ ಅಲ್ಲೇ ಬಾಗಿ, ಬಾಗಿದ ಹಾಗೇ ಒಣಗುತ್ತದೆ. ಹಲಗೆಯ ಎರಡೂ ತುದಿಗಳಿಗೆ ಪೇಂಟ್ ಅಥವಾ ಕರಗಿಸಿದ ಮೇಣ ಬಳಿಯುತ್ತಾರೆ. ಯಾಕೆ ಅಂತ ಈಗ ನಿಮಗೇ ಗೊತ್ತು: ಕೊಳವೆಗಳ ಬಾಯಿ ಇರುವುದು ಅಲ್ಲೇ, ನೀರು ಅಲ್ಲಿಂದ ಬಹಳ ಬೇಗ ಹೋಗುತ್ತದೆ, ಸೀಳು ಮೊದಲು ಬರುವುದೂ ಅಲ್ಲೇ.

ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಎಂಬ ಹಳೆಯ ಲೆಕ್ಕವಿದೆ. ಅದು ಚಳಿದೇಶದ ಲೆಕ್ಕ, ನಮ್ಮ ಬೇಸಿಗೆಯಲ್ಲಿ ಅಷ್ಟು ಬೇಡ. ಚನ್ನಪಟ್ಟಣದ ಬೊಂಬೆ ಮಾಡುವವರು ಹಾಲೆ ಮರವನ್ನು ಕೆಲವು ತಿಂಗಳು ಒಣಗಲು ಬಿಟ್ಟು ಆಮೇಲೆ ಕಡೆಯುತ್ತಾರೆ. ಅದು ಮೃದು, ತೆಳು ಮರ. ಸಾಗವಾನಿ, ಮತ್ತಿ, ಹಲಸು ಇವಕ್ಕೆ ಹೆಚ್ಚು ತಾಳ್ಮೆ ಬೇಕು.

ಒಣಗಿದೆ ಅಂತ ತಿಳಿಯುವುದು ಹೇಗೆ? ನಮ್ಮ ಬೀದಿಯ ಮೇಸ್ತ (ಇಲ್ಲಿ ಕೊಂಕಣಿಯಲ್ಲಿ ಬಡಗಿಗೆ ಹಾಗೆ ಅನ್ನುತ್ತಾರೆ) ಹಲಗೆಯನ್ನು ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಡುತ್ತಾರೆ. ಅವರ ಕಿವಿಗೆ ನಲವತ್ತು ವರ್ಷದ ಅನುಭವವಿದೆ. ನಮಗೆ ತಕ್ಕಡಿ ಇದೆ. ಹಸಿ ಕೊಂಬೆಯ ಒಂದು ತುಂಡು ತನ್ನಿ, ತೂಗಿ, ಅಗಲ ಅಳೆದು ಬರೆದಿಡಿ. ವಾರಕ್ಕೊಮ್ಮೆ ಅದೇ ದಿನ ತೂಗಿ, ಅಳೆಯಿರಿ, ಗ್ರಾಫ್ ಬರೆಯಿರಿ. ತೂಕ ಇಳಿಯುತ್ತ ಅಗಲ ಹಾಗೇ ಇರುವ ವಾರಗಳು ಸಿಗಬೇಕು. ಸಿಕ್ಕರೆ ನೀವು ಪೊಳ್ಳಿನ ನೀರನ್ನು ಕಣ್ಣಾರೆ ನೋಡಿದ ಹಾಗೆ. ಕೊನೆಗೆ ಶಾಲೆಯ ಪ್ರಯೋಗಾಲಯದಲ್ಲಿ ಹಾಟ್ ಏರ್ ಓವನ್ ಇದ್ದರೆ, ಶಿಕ್ಷಕರ ಜೊತೆ, 103 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ. ಹೋದ ನೀರಿನ ತೂಕವನ್ನು ಒಣ ಮರದ ತೂಕದಿಂದ ಭಾಗಿಸಿ 100ರಿಂದ ಗುಣಿಸಿದರೆ ತೇವಾಂಶ. 240 ಗ್ರಾಂ ಇದ್ದದ್ದು 150 ಆಯಿತು ಅಂದರೆ 90 ಭಾಗಿಸು 150, ಅಂದರೆ 60 ಶೇಕಡ. ಕೆಲವು ಮೆದು ಮರಗಳಲ್ಲಿ ಉತ್ತರ 100ಕ್ಕಿಂತ ಹೆಚ್ಚು ಬರುತ್ತದೆ. ಗಾಬರಿ ಬೇಡ, ಲೆಕ್ಕ ತಪ್ಪಿಲ್ಲ. ಕೆಳಗೆ ಇರುವುದು ಒಣ ತೂಕ ಎಂಬುದನ್ನು ಮರೆಯಬೇಡಿ.

ಇನ್ನು ಒಂದು ಮಾತು. ಮರವನ್ನು ಎಲ್ಲಿ ಬಳಸುತ್ತೀರೋ ಆ ಊರಿನ ಹವೆಗೆ ಒಗ್ಗಿಸಬೇಕು. ನಾನು ಆ ಹಲಗೆಯನ್ನು ಊರಿಗೆ ಒಯ್ದು, ಅಟ್ಟದ ಮೇಲೆ ಎರಡು ತಿಂಗಳು ಇಟ್ಟು, ಅಲ್ಲೇ ಪೆಟ್ಟಿಗೆ ಮಾಡಬೇಕಿತ್ತು.

ಒರಟು ಹಲಗೆ ನಯವಾಗುವ ಬಗೆ

ಒಣಗಿದ ಹಲಗೆಯೂ ನೇರವಾಗಿರುವುದಿಲ್ಲ. ಬಾಗಿರುತ್ತದೆ, ತಿರುಚಿರುತ್ತದೆ. ಮೊದಲ ಕೆಲಸ, ಬೇಕಾದ ಉದ್ದಕ್ಕಿಂತ ಒಂದೆರಡು ಇಂಚು ಹೆಚ್ಚು ಬಿಟ್ಟು ತುಂಡು ಮಾಡುವುದು. ಹಲಗೆಯನ್ನು ಇಡಿಯಾಗಿ ಹೆರೆದು ಆಮೇಲೆ ಕತ್ತರಿಸುವುದು ಹೊಸಬರ ತಪ್ಪು. ಇಲ್ಲಿ ಚಂದದ ಗಣಿತವಿದೆ. 2 ಮೀಟರ್ ಉದ್ದದ ಹಲಗೆ ಬಿಲ್ಲಿನ ಹಾಗೆ ಬಾಗಿ ನಡುವೆ 16 ಮಿ.ಮೀ. ಎದ್ದಿದೆ ಅಂತಿಟ್ಟುಕೊಳ್ಳಿ. ಅರ್ಧ ಮಾಡಿದರೆ ಪ್ರತಿ ತುಂಡಿನ ಬಾಗು 8 ಆಗುವುದಿಲ್ಲ, 4 ಆಗುತ್ತದೆ. ನಾಲ್ಕು ತುಂಡು ಮಾಡಿದರೆ 1 ಮಿ.ಮೀ. ಮಾತ್ರ! ವೃತ್ತದ ಸಣ್ಣ ಕಂಸದಲ್ಲಿ ಬಾಗು ಉದ್ದದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಇಡಿಯಾಗಿ ಸಪಾಟು ಮಾಡಲು ಹೋದರೆ 16 ಮಿ.ಮೀ. ಮರ ಹೊಟ್ಟಾಗಿ ಹೋಗುತ್ತದೆ.

ಆಮೇಲೆ ಒಂದು ಮುಖ ಸಪಾಟು ಮಾಡಬೇಕು. ತಿರುಚಿದೆಯೋ ಇಲ್ಲವೋ ತಿಳಿಯಲು ಹಲಗೆಯ ಎರಡೂ ತುದಿಗಳಲ್ಲಿ ಅಡ್ಡಕ್ಕೆ ಒಂದೊಂದು ನೇರ ಪಟ್ಟಿ ಇಟ್ಟು, ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ನೋಡಿ. ಎರಡು ಪಟ್ಟಿಗಳ ಮೇಲಂಚು ಒಂದಕ್ಕೊಂದು ಸಮ ಕಾಣಬೇಕು. ಹಲಗೆ 15 ಸೆಂ.ಮೀ. ಅಗಲ, ಪಟ್ಟಿ 45 ಸೆಂ.ಮೀ. ಉದ್ದ ಇದ್ದರೆ, ತಪ್ಪು ಮೂರು ಪಟ್ಟು ದೊಡ್ಡದಾಗಿ ಕಾಣುತ್ತದೆ. ಸಮರೂಪ ತ್ರಿಭುಜಗಳು ಪರೀಕ್ಷೆಗೆ ಮಾತ್ರ ಅಲ್ಲ ನೋಡಿ. ಎತ್ತರವಿದ್ದ ಮೂಲೆಗಳನ್ನು ಕೀಸುಳಿಯಿಂದ, ಅಂದರೆ ನಮ್ಮ ಕಡೆಯ ರಂದಾದಿಂದ, ಹೆರೆಯುತ್ತ ಬರಬೇಕು.

"ಸರ್, ಪ್ಲೇನರ್ ಮಷೀನಿಗೆ ಕೊಟ್ಟರೆ ಆಯ್ತಲ್ಲ?" ಅಂತ ಹೋದ ವರ್ಷ ಒಬ್ಬ ಹುಡುಗ ಕೇಳಿದ, ಅವನ ಅಪ್ಪ ಫರ್ನಿಚರ್ ಕೆಲಸಕ್ಕೆ ಹೋಗುತ್ತಾರೆ. ಒಳ್ಳೆಯ ಪ್ರಶ್ನೆ. ದಪ್ಪ ಸಮ ಮಾಡುವ ಮಷೀನಿನ ಉರುಳೆಗಳು ಬಾಗಿದ ಹಲಗೆಯನ್ನು ಒತ್ತಿ ನೇರ ಮಾಡುತ್ತವೆ, ಬ್ಲೇಡು ಮೇಲ್ಮೈ ಹೆರೆಯುತ್ತದೆ, ಹೊರಗೆ ಬಂದ ಕೂಡಲೇ ಹಲಗೆ ಸ್ಪ್ರಿಂಗಿನ ಹಾಗೆ ಮತ್ತೆ ಬಾಗುತ್ತದೆ. ನಯವಾದ ಬಾಗಿದ ಹಲಗೆ ಸಿಗುತ್ತದೆ ಅಷ್ಟೇ! ಒಂದು ಮುಖ ಮೊದಲೇ ಸಪಾಟಾಗಿದ್ದರೆ ಮಾತ್ರ ಆ ಮಷೀನು ಎದುರು ಮುಖವನ್ನು ಅದಕ್ಕೆ ಸಮಾಂತರವಾಗಿ ಮಾಡಿಕೊಡುತ್ತದೆ. ಮೊದಲ ಮುಖದ ನಂತರ ಒಂದು ಅಂಚು, ಗುನಿಯಾ ಇಟ್ಟು 90 ಡಿಗ್ರಿ ಇದೆಯೇ ನೋಡಿಕೊಂಡು. ಮುಂದಿನದೆಲ್ಲ ಆ ಎರಡನ್ನು ಆಧರಿಸಿಯೇ.

ಕೀಸುಳಿಯನ್ನು ಯಾವ ದಿಕ್ಕಿಗೆ ತಳ್ಳಬೇಕು? ಎಮ್ಮೆಯ ಬೆನ್ನು ಸವರಿದ್ದೀರಲ್ಲ, ಕೂದಲು ಮಲಗಿದ ದಿಕ್ಕಿಗೆ ಸವರಿದರೆ ನುಣುಪು, ಎದುರಿಗೆ ಸವರಿದರೆ ಎದ್ದು ನಿಲ್ಲುತ್ತದೆ. ಮರದ ನಾರೂ ಹಾಗೇ. ಹಲಸಿನಲ್ಲಿ ನಾರು ಒಂದು ಪಟ್ಟಿಯಲ್ಲಿ ಈ ಕಡೆ, ಪಕ್ಕದ ಪಟ್ಟಿಯಲ್ಲಿ ಆ ಕಡೆ ಮಲಗಿರುವುದುಂಟು, ಅಲ್ಲಿ ಬ್ಲೇಡು ತುಂಬಾ ಹರಿತವಿರಬೇಕು, ಹೆರೆತ ತುಂಬಾ ತೆಳುವಿರಬೇಕು. ಸಾಗವಾನಿಯಲ್ಲಿ ಸಿಲಿಕಾ ಇರುವುದರಿಂದ ಬ್ಲೇಡು ಬೇಗ ಮೊಂಡಾಗುತ್ತದೆ, ಮಸೆಯುತ್ತಲೇ ಇರಬೇಕು. ಉಪ್ಪುಕಾಗದ ಕೊನೆಗೆ. ಆಗ ಮೂಗಿಗೆ ಬಟ್ಟೆಯಲ್ಲ, ಸರಿಯಾದ ಮಾಸ್ಕ್ ಕಟ್ಟಿ. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿ ಇಟ್ಟಿದೆ. ಮನೆಯಲ್ಲಿ ಈ ಕೆಲಸ ಮಾಡುವವರಿದ್ದರೆ ಇಷ್ಟು ಮಾತ್ರ ಇವತ್ತೇ ಹೇಳಿ. ಮಷೀನುಗಳ ಹತ್ತಿರ ನೀವು ಹೋಗಬೇಡಿ.

ದಪ್ಪ ಇಳಿಸುವಾಗ ಎರಡೂ ಮುಖಗಳಿಂದ ಸರಿಸಮ ತೆಗೆಯಿರಿ. ಒಳಗಿನ ಮರ ಹೊರಗಿನದಕ್ಕಿಂತ ಕೊಂಚ ಹಸಿಯಿರುತ್ತದೆ, ಒಂದೇ ಕಡೆ ಹೆರೆದರೆ ಆ ಹಸಿ ಮುಖ ಗಾಳಿಗೆ ತೆರೆದು, ಕುಗ್ಗಿ, ರಾತ್ರಿ ಬೆಳಗಾಗುವುದರೊಳಗೆ ಹಲಗೆ ಬಾಗಿರುತ್ತದೆ. ಬೇಕಾದ ಅಳತೆಗಿಂತ 2–3 ಮಿ.ಮೀ. ದಪ್ಪ ಇರುವಾಗಲೇ ನಿಲ್ಲಿಸಿ, ವಾರ ಬಿಟ್ಟು, ಆಮೇಲೆ ಕೊನೆಯ ಹೆರೆತ.

ಅವ್ವನ ಪೆಟ್ಟಿಗೆಗೆ ಹೋದ ಬೇಸಿಗೆ ರಜೆಯಲ್ಲಿ ಊರಲ್ಲೇ ಹೊಸ ಮುಚ್ಚಳ ಮಾಡಿದೆ. ಗೋವಾದ ಹಳೆಯ ಮನೆಗಳ ಬಾಗಿಲು ನೋಡಿ ಕಲಿತ ಉಪಾಯ: ಚೌಕಟ್ಟಿನ ಒಳಅಂಚಿಗೆ ಗಾಡಿ ಕೊರೆದು, ನಡುವಿನ ಹಲಗೆಯನ್ನು ಗೋಂದು, ಮೊಳೆ ಎರಡೂ ಇಲ್ಲದೆ ಅದರೊಳಗೆ ಸಡಿಲವಾಗಿ ಕೂರಿಸುವುದು. ಕುಗ್ಗಲಿ, ಉಬ್ಬಲಿ, ಅದರ ಪಾಡಿಗೆ ಅದು. ಅವ್ವ ಪೆಟ್ಟಿಗೆ ಎತ್ತಿ ಒಮ್ಮೆ ಅಲ್ಲಾಡಿಸಿದಳು. "ಇದೇನೋ, ಗಡಗಡ ಅಂತದಲ್ಲ? ಮಾಸ್ತರ ಆದ್ರೂ ಮೊಳಿ ಸರಿ ಬಡಿಯಾಕ ಬರಲಿಲ್ಲ ನಿನಗ."