ಪವರ್ ಟಿಲ್ಲರ್ ಏರಿಸಲು ಸುರಕ್ಷಿತ ಹಲಗೆ

ಪವರ್ ಟಿಲ್ಲರನ್ನು ಟ್ರೇಲರಿಗೆ ಏರಿಸುವಾಗ ಗಾಲಿಗಳು ಹಲಗೆಯನ್ನು ಹಿಂದಕ್ಕೆ ತಳ್ಳುತ್ತವೆ. ಹಲಗೆ ಜಾರಿದರೆ ಯಂತ್ರವು ನಡೆಸುವವನ ಮೇಲೆಯೇ ಉರುಳಬಹುದು. ಆದುದರಿಂದ ಹಲಗೆಯ ಮೇಲ್ತುದಿಗೆ ಕಬ್ಬಿಣದ ಕೊಕ್ಕೆ ಇರಬೇಕು. ಅದನ್ನು ಸರಪಳಿಯಿಂದ ಟ್ರೇಲರಿಗೆ ಬಿಗಿಯಬೇಕು.

ಹಲಗೆಯ ಉದ್ದವು ಟ್ರೇಲರಿನ ಎತ್ತರದ ಕನಿಷ್ಠ 3 ಪಟ್ಟು ಇರಲಿ. 4 ಪಟ್ಟಾದರೆ ಇನ್ನೂ ಒಳ್ಳೆಯದು. ಎತ್ತರ 90 ಸೆಂ.ಮೀ. ಇದ್ದಲ್ಲಿ 270 ಸೆಂ.ಮೀ.ಗಿಂತ ಗಿಡ್ಡ ಹಲಗೆ ಬೇಡ. ಪ್ರತಿ ಹಲಗೆಯೂ ಗಾಲಿಗಿಂತ ಅಗಲವಾಗಿದ್ದು, ಯಂತ್ರದ ಪೂರ್ಣ ಭಾರ ತಾಳುವಂತಿರಬೇಕು. ಹಿಡಿತಕ್ಕೆ ಅಡ್ಡಪಟ್ಟಿಗಳು ಅವಶ್ಯ.

ಟ್ರೇಲರನ್ನು ಟ್ರ್ಯಾಕ್ಟರಿನಿಂದ ಕಳಚದೆ, ಗಾಲಿಗಳಿಗೆ ಅಡ್ಡಗಲ್ಲು ಕೊಡಬೇಕು. ಹಲಗೆಯ ಮೇಲೆ ಗೇರ್ ಬದಲಿಸಬಾರದು. ಸ್ಟೀರಿಂಗ್ ಕ್ಲಚ್ಚನ್ನೂ ಹಿಡಿಯಬಾರದು. ಇಳಿಯುವಾಗ ಹಿಡಿದರೆ ಟಿಲ್ಲರ್ ವಿರುದ್ಧ ದಿಕ್ಕಿಗೆ ತಿರುಗುತ್ತದೆ. ಟ್ರೇಲರಿನ ಹಿಂಬದಿಯನ್ನು ಗಟ್ಟಿ ದಿಬ್ಬಕ್ಕೆ ಆನಿಸಿ ನಿಲ್ಲಿಸಿದರೆ ಏರು ಕಡಿಮೆಯಾಗಿ ಕೆಲಸ ಸುಲಭವಾಗುವುದು.